ಮೊದಲ ನಾಲ್ಕು ಆಜ್ಞೆಗಳು: ಅಮೆರಿಕದ ತರಗತಿಗೆ ಬಂದ 1635ರ ಜಗಳ

2024ರ ಜೂನ್‌ನಲ್ಲಿ ಅಮೆರಿಕದ ಲೂಸಿಯಾನಾ ರಾಜ್ಯ ಒಂದು ಕಾನೂನು ಮಾಡಿತು. ಸರ್ಕಾರಿ ಶಾಲೆಗಳ ಪ್ರತಿ ತರಗತಿಯಲ್ಲೂ ಬೈಬಲಿನ ಹತ್ತು ಆಜ್ಞೆಗಳನ್ನು ತೂಗುಹಾಕಬೇಕು. ಹಾಳೆ ಕನಿಷ್ಠ 11ಕ್ಕೆ 14 ಇಂಚು ಇರಬೇಕು, ಅಕ್ಷರ ದೊಡ್ಡದಾಗಿ ಕಾಣಬೇಕು. ಮರುವರ್ಷ ಟೆಕ್ಸಸ್ ಮತ್ತು ಅರ್ಕನ್ಸಾ ಅದೇ ದಾರಿ ಹಿಡಿದವು. ಟೆಕ್ಸಸ್‌ನ ಹಾಳೆ ಇನ್ನೂ ದೊಡ್ಡದು, 16ಕ್ಕೆ 20 ಇಂಚು. ಮೂರೂ ಕಡೆ ಪೋಷಕರು ಕೋರ್ಟಿಗೆ ಹೋದರು. ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್ ಸುತ್ತ ಇರುವ ಕನ್ನಡದ ಮನೆಗಳ ಮಕ್ಕಳೂ ಇಂಥ ಶಾಲೆಗಳಿಗೇ ಹೋಗುತ್ತಾರೆ. ಹಾಗಾಗಿ ಇದು ನಮಗೆ ಪೂರ್ತಿ ದೂರದ ಸುದ್ದಿಯೇನಲ್ಲ.

ಲೂಸಿಯಾನಾದ ಕಾನೂನಿನಲ್ಲಿ ನನ್ನ ಗಮನ ಸೆಳೆದದ್ದು ಬೇರೆ ಒಂದು ಅಂಶ. ಅದು 1620ರ ಮೇಫ್ಲವರ್ ಒಪ್ಪಂದದ ಹೆಸರು ಹೇಳುತ್ತದೆ. ಅದೇ ಅಮೆರಿಕದ ಮೊದಲ ಲಿಖಿತ ಸಂವಿಧಾನ, ದೇವರ ಜೊತೆ ಮಾಡಿಕೊಂಡ ಒಡಂಬಡಿಕೆ ಅನ್ನುತ್ತದೆ. ಶಾಲೆಗೆ ಇಷ್ಟವಿದ್ದರೆ ಆಜ್ಞೆಗಳ ಪಕ್ಕ ಅದನ್ನೂ ತೂಗುಹಾಕಬಹುದು. ಅಂದರೆ ಶಾಸಕರ ವಾದ ಇಷ್ಟು: ಈ ದೇಶ ಹುಟ್ಟಿದ್ದೇ ಹೀಗೆ, ನಾವು ಹೊಸದೇನೂ ಮಾಡುತ್ತಿಲ್ಲ.

ಈ ವಾದಕ್ಕೆ ಈಗ ತೂಕ ಜಾಸ್ತಿಯಾಗಿದೆ. ಅದಕ್ಕೆ ಕಾರಣ 2022ರ ಒಂದು ತೀರ್ಪು. ವಾಷಿಂಗ್ಟನ್ ರಾಜ್ಯದ ಬ್ರೆಮರ್ಟನ್ ಊರಿನ ಸರ್ಕಾರಿ ಶಾಲೆಯ ಫುಟ್‌ಬಾಲ್ ಕೋಚ್ ಒಬ್ಬರು ಪಂದ್ಯ ಮುಗಿದ ಮೇಲೆ ಮೈದಾನದಲ್ಲೇ ಮಂಡಿಯೂರಿ ಪ್ರಾರ್ಥಿಸುತ್ತಿದ್ದರು. ಆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹಳೆಯ ಅಳತೆಗೋಲನ್ನು ಬದಿಗಿಟ್ಟಿತು. ಸರ್ಕಾರ ಧರ್ಮದ ವಿಷಯದಲ್ಲಿ ಮಿತಿ ಮೀರಿತೇ ಎಂದು ನೋಡಲು ಇನ್ನು ಮುಂದೆ ಇತಿಹಾಸವನ್ನೂ ಹಳೆಯ ರೂಢಿಯನ್ನೂ ನೋಡಬೇಕು ಎಂದಿತು. ಆದ್ದರಿಂದ ಈಗ ವಕೀಲರು ಹದಿನೇಳನೇ ಶತಮಾನದ ಕಡತಗಳನ್ನು ಕೆದಕುತ್ತಿದ್ದಾರೆ.

ಕೆದಕಲಿ. ಆದರೆ ಅಲ್ಲಿ ಸಿಗುವುದು ಶಾಸಕರು ಹೇಳುವಷ್ಟು ಸರಳವಾಗಿಲ್ಲ. ಅಮೆರಿಕದಲ್ಲಿ ಇಂಗ್ಲಿಷರು ಕಟ್ಟಿದ ಆ ಹಳೆಯ ನೆಲೆಗಳಲ್ಲಿ ಚರ್ಚು ಮತ್ತು ಸರ್ಕಾರ ಒಂದಕ್ಕೊಂದು ಹೆಣೆದುಕೊಂಡಿದ್ದವು ಅನ್ನುವುದು ನಿಜ. ಜೊತೆಗೆ, ಇದೇ ಹತ್ತು ಆಜ್ಞೆಗಳನ್ನು ಸರ್ಕಾರ ಎಷ್ಟರ ಮಟ್ಟಿಗೆ ಮುಟ್ಟಬಹುದು ಎಂಬ ಜಗಳವೂ ಅಲ್ಲೇ ನಡೆದಿತ್ತು. ಮುಟ್ಟಬೇಡಿ ಎಂದು ವಾದಿಸಿದ ರಾಜರ್ ವಿಲಿಯಮ್ಸ್ ಎಂಬ ಪಾದ್ರಿ ತನ್ನ ಊರಿನಲ್ಲೇ ಅತಿ ಕಟ್ಟಾ ಭಕ್ತ.

ಮೊದಲು ಮೇಫ್ಲವರ್ ಹಡಗಿನ ಕತೆ ನೋಡೋಣ. ಅದರಲ್ಲಿ 102 ಪ್ರಯಾಣಿಕರಿದ್ದರು. ಸುಮಾರು ಅರ್ಧ ಜನ ಇಂಗ್ಲೆಂಡಿನ ಚರ್ಚ್ ಬಿಟ್ಟು ಹಾಲೆಂಡಿನ ಲೈಡನ್ ಊರಿನಲ್ಲಿ ನೆಲೆಸಿದ್ದವರು. ಉಳಿದವರು ಕೂಲಿ, ಕಸುಬು, ವ್ಯಾಪಾರ ಅಂತ ಬಂದವರು. ಅವರಿಗೆ ಅನುಮತಿ ಇದ್ದದ್ದು ದಕ್ಷಿಣಕ್ಕೆ, ವರ್ಜೀನಿಯಾದ ಉತ್ತರ ಭಾಗಕ್ಕೆ. ಹಡಗು ಬಂದು ನಿಂತದ್ದು ಕೇಪ್ ಕಾಡ್‌ನಲ್ಲಿ. ಅಲ್ಲಿ ಅನುಮತಿ ಪತ್ರ ನಡೆಯುವುದಿಲ್ಲ, ಹಾಗಾದರೆ ನಮ್ಮನ್ನು ಕೇಳುವವರು ಯಾರೂ ಇಲ್ಲ ಎಂದು ಕೆಲವರು ಗುಡುಗಿದರು. ಗುಂಪು ಒಡೆಯದಿರಲಿ ಎಂದು ಬರೆದದ್ದೇ ಈ ಒಪ್ಪಂದ. 41 ಗಂಡಸರು ಸಹಿ ಹಾಕಿದರು. ಅದು ದೇವರ ಹೆಸರಿನಿಂದ ಶುರುವಾಗುತ್ತದೆ, ಕ್ರೈಸ್ತ ನಂಬಿಕೆಯನ್ನೂ ರಾಜನ ಗೌರವವನ್ನೂ ನೆನೆಯುತ್ತದೆ. ಅದರಲ್ಲಿ ಅನುಮಾನವಿಲ್ಲ. ಆದರೆ ಒಪ್ಪಂದದ ಕೆಲಸ, ಬೇರೆ ಬೇರೆ ನಂಬಿಕೆಯ ಜನ ಒಂದೇ ಕಾನೂನಿಗೆ ತಲೆಬಾಗುವಂತೆ ಮಾಡುವುದು. ಯಾವ ಚರ್ಚಿಗೆ ಹೋಗಬೇಕು ಎಂದು ಅದು ಹೇಳುವುದಿಲ್ಲ.

ಇನ್ನೊಂದು ಸಂಗತಿ ಇದೆ. ಆ ಪ್ಲಿಮತ್ ನೆಲೆಯಲ್ಲಿ 1621ರಲ್ಲಿ ನಡೆದ ಮೊದಲ ಮದುವೆಯನ್ನು ಮಾಡಿಸಿದ್ದು ಮ್ಯಾಜಿಸ್ಟ್ರೇಟ್. ಹಾಲೆಂಡಿನಲ್ಲಿ ನೋಡಿ ಕಲಿತ ಪದ್ಧತಿ ಅದು. ಬೈಬಲಿನಲ್ಲಿ ಪಾದ್ರಿಯೇ ಮದುವೆ ಮಾಡಿಸಬೇಕು ಎಂದು ಎಲ್ಲೂ ಇಲ್ಲ, ಆದ್ದರಿಂದ ಅದು ಊರಿನ ವ್ಯವಹಾರ ಎಂಬುದು ಅವರ ಲೆಕ್ಕ. ಕಟ್ಟಾ ಕ್ರೈಸ್ತರು ರಿಜಿಸ್ಟರ್ ಮದುವೆ ಮಾಡಿಕೊಂಡ ಹಾಗಾಯಿತು, ಅಲ್ವಾ?

ಅದಕ್ಕೂ ಮೊದಲೇ, 1607ರಲ್ಲಿ, ವರ್ಜೀನಿಯಾದ ಜೇಮ್ಸ್‌ಟೌನ್ ಶುರುವಾಗಿತ್ತು. ಅದು ಕಂಪನಿಯ ನೆಲೆ. ಅಲ್ಲಿಗೆ ಜನ ಹೋದದ್ದು ಲಾಭಕ್ಕೆ. ಆದರೂ ಧರ್ಮದ ಶಿಸ್ತು ಅಲ್ಲಿಯೇ ಅತಿ ಕಠಿಣವಾಗಿತ್ತು. 1610ರ ಸುಮಾರಿಗೆ ಬಂದ ನಿಯಮಗಳ ಪ್ರಕಾರ ದಿನಕ್ಕೆ ಎರಡು ಸಲ ಪ್ರಾರ್ಥನೆಗೆ ಹೋಗಬೇಕಿತ್ತು. ಒಂದು ಸಲ ತಪ್ಪಿದರೆ ಆ ದಿನದ ರೇಷನ್ ಇಲ್ಲ. ಎರಡನೇ ಸಲ ಚಾಟಿಯೇಟು. ಮೂರನೇ ಸಲ ಆರು ತಿಂಗಳು ಹಡಗಿನ ಹುಟ್ಟು ಹಾಕುವ ಶಿಕ್ಷೆ. 1609ರ ಚಳಿಗಾಲದಲ್ಲಿ ಹಸಿವಿನಿಂದ ಬಹುಪಾಲು ಜನ ಸತ್ತಿದ್ದರು, ಉಳಿದವರನ್ನು ಹತೋಟಿಗೆ ತರಬೇಕಿತ್ತು. ಚರ್ಚಿನ ಗಂಟೆ ಇಲ್ಲಿ ಹಾಜರಿ ತೆಗೆದುಕೊಳ್ಳುವ ಗಂಟೆಯೂ ಹೌದು.

1619ರ ಜುಲೈ 30ರಂದು ಇಂಗ್ಲಿಷ್ ಅಮೆರಿಕದ ಮೊದಲ ಪ್ರತಿನಿಧಿ ಸಭೆ ಸೇರಿದ್ದು ಜೇಮ್ಸ್‌ಟೌನಿನ ಚರ್ಚಿನೊಳಗೆ. ಕೂರಲು ಅದಕ್ಕಿಂತ ಅನುಕೂಲದ ಜಾಗ ಅಲ್ಲಿ ಸಿಗಲಿಲ್ಲ. 1624ರ ಕಾನೂನಿನಲ್ಲಿ ಒಂದು ಭಾನುವಾರ ಚರ್ಚು ತಪ್ಪಿಸಿದರೆ ಒಂದು ಪೌಂಡ್ ಹೊಗೆಸೊಪ್ಪು ದಂಡ, ಒಂದು ತಿಂಗಳು ತಪ್ಪಿಸಿದರೆ 50 ಪೌಂಡ್. ಪಾದ್ರಿಯ ಸಂಬಳವೂ ಹೊಗೆಸೊಪ್ಪಿನಲ್ಲೇ. 1696ರಲ್ಲಿ ಅದನ್ನು ವರ್ಷಕ್ಕೆ 16,000 ಪೌಂಡ್ ಎಂದು ನಿಗದಿ ಮಾಡಿದರು. ಅದನ್ನು ಕೊಡುತ್ತಿದ್ದುದು ಊರಿನ ಎಲ್ಲರೂ, ಆ ಚರ್ಚಿಗೆ ಹೋಗದವರೂ ಸೇರಿ. ವಸೂಲಿಯ ಜವಾಬ್ದಾರಿ ಚರ್ಚಿನ ಆಡಳಿತ ಸಮಿತಿಯದು. ಸಮಿತಿಯಲ್ಲಿ ಕೂತಿದ್ದವರು ದೊಡ್ಡ ತೋಟಗಳ ಮಾಲೀಕರು. ಬಡವರ, ಅನಾಥರ ಹೊಣೆಯೂ ಅದೇ ಸಮಿತಿಯದು.

ಈ ಮಾಲೀಕರ ಧರ್ಮ ಎಲ್ಲಿಯವರೆಗೆ ಹೋಗುತ್ತಿತ್ತು ಎಂಬುದಕ್ಕೆ 1667ರ ಒಂದು ಕಾನೂನು ಸಾಕು. ಕ್ರೈಸ್ತನನ್ನು ಗುಲಾಮನಾಗಿ ಇಟ್ಟುಕೊಳ್ಳಬಾರದು ಎಂಬ ಭಾವನೆ ಇಂಗ್ಲಿಷರಲ್ಲಿ ಇತ್ತು. ಹಾಗಾದರೆ ಗುಲಾಮರು ದೀಕ್ಷಾಸ್ನಾನ ಪಡೆದರೆ ಬಿಡುಗಡೆಯಾಗಬೇಕಲ್ಲ? ವರ್ಜೀನಿಯಾದ ಸಭೆ ಸ್ಪಷ್ಟ ಮಾಡಿತು: ದೀಕ್ಷಾಸ್ನಾನದಿಂದ ಯಾರ ಸ್ಥಿತಿಯೂ ಬದಲಾಗುವುದಿಲ್ಲ. ಇನ್ನು ಮಾಲೀಕರು ಚಿಂತೆಯಿಲ್ಲದೆ ತಮ್ಮ ಗುಲಾಮರಿಗೆ ಕ್ರೈಸ್ತ ಧರ್ಮ ಕಲಿಸಬಹುದು ಎಂದೂ ಸೇರಿಸಿತು. ಅದಕ್ಕೆ ಐದು ವರ್ಷ ಮೊದಲು, ತಾಯಿ ಗುಲಾಮಳಾಗಿದ್ದರೆ ಮಗುವೂ ಗುಲಾಮ ಎಂಬ ಕಾನೂನು ಬಂದಿತ್ತು. ಚರ್ಚು ಮತ್ತು ಸರ್ಕಾರ ಒಂದೇ ಕೈಯಲ್ಲಿ ಇದ್ದಾಗ ಬಾಗಿದ್ದು ಯಾವುದು ಎಂದು ಕೇಳಿದರೆ ನನ್ನ ಉತ್ತರ: ಚರ್ಚು.

ಇದಕ್ಕೆ ನಮ್ಮ ಕಡೆಯ ಒಂದು ನಂಟೂ ಇದೆ. ವರ್ಜೀನಿಯಾ ಕಂಪನಿಯನ್ನು ಲಂಡನ್ನಿನಲ್ಲಿ ನಡೆಸುತ್ತಿದ್ದ ಸರ್ ಥಾಮಸ್ ಸ್ಮಿತ್, ಈಸ್ಟ್ ಇಂಡಿಯಾ ಕಂಪನಿಯ ಮೊದಲ ಗವರ್ನರ್ ಕೂಡ. ಒಂದು ಕಂಪನಿ ಜನರನ್ನು ಚಾಟಿಯೇಟಿನಿಂದ ಚರ್ಚಿಗೆ ಕಳಿಸಿತು. ಇನ್ನೊಂದು, ವ್ಯಾಪಾರಕ್ಕೂ ಆಡಳಿತಕ್ಕೂ ತೊಂದರೆಯಾದೀತು ಎಂದು 1813ರವರೆಗೆ ಮಿಷನರಿಗಳನ್ನು ತನ್ನ ಪ್ರದೇಶದೊಳಗೆ ಬಿಡಲು ಹಿಂದೇಟು ಹಾಕಿತು. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ, ಬಾಗಿಲು ಇನ್ನಷ್ಟು ತೆರೆದ ಮೇಲೆ. ಎದುರಿಗಿದ್ದ ಜನ ಬೇರೆ, ಲೆಕ್ಕ ಬೇರೆ, ಹಾಗಾಗಿ ಧರ್ಮದ ನೀತಿಯೂ ಬೇರೆ.

ಈಗ ಮ್ಯಾಸಚೂಸೆಟ್ಸ್‌ಗೆ ಬರೋಣ. ನಿಜವಾದ ಪ್ರಯೋಗ ನಡೆದದ್ದು ಇಲ್ಲಿ.

1629ರಲ್ಲಿ ರಾಜ ಒಂದು ಕಂಪನಿಗೆ ಸನ್ನದು ಕೊಟ್ಟ. ಕಂಪನಿಯ ಸಭೆ ಎಲ್ಲಿ ಸೇರಬೇಕು ಎಂದು ಅದರಲ್ಲಿ ಬರೆದಿರಲಿಲ್ಲ. ಇಂಗ್ಲೆಂಡಿನ ಚರ್ಚನ್ನು ಶುದ್ಧ ಮಾಡಬೇಕು ಎನ್ನುತ್ತಿದ್ದ ಪ್ಯೂರಿಟನ್ನರು ಆ ಕಾಗದವನ್ನೇ ಹಡಗಿನಲ್ಲಿ ಇಟ್ಟುಕೊಂಡು 1630ರಲ್ಲಿ ಹೊರಟುಬಿಟ್ಟರು. ಮುಖಂಡ ಜಾನ್ ವಿಂಥ್ರಪ್ ಎಂಬ ವಕೀಲ. ಹೀಗೆ ಷೇರುದಾರರ ಸಭೆ ಶಾಸನಸಭೆಯಾಯಿತು, ಷೇರುದಾರ ಮತದಾರನಾದ. 1631ರಲ್ಲಿ ಇನ್ನೊಂದು ನಿಯಮ ಬಂತು: ಇನ್ನು ಮುಂದೆ ಚರ್ಚಿನ ಸದಸ್ಯರಾದ ಗಂಡಸರಿಗೆ ಮಾತ್ರ ಮತ. ಸದಸ್ಯತ್ವ ಸುಲಭವಾಗಿ ಸಿಗುತ್ತಿರಲಿಲ್ಲ. ದೇವರ ಕೃಪೆ ತನ್ನ ಮೇಲೆ ಹೇಗೆ ಇಳಿಯಿತು ಎಂದು ಸಭೆಯ ಮುಂದೆ ನಿಂತು ಹೇಳಿ ಒಪ್ಪಿಸಬೇಕಿತ್ತು. ಮತದ ಹಕ್ಕು ಬೇಕಿದ್ದವನು ಮೊದಲು ತನ್ನ ಅಂತರಂಗದ ಪರೀಕ್ಷೆ ಪಾಸಾಗಬೇಕು.

ಆದರೂ ಇದನ್ನು ಪಾದ್ರಿಗಳ ರಾಜ್ಯ ಅನ್ನುವುದು ಸರಿಯಲ್ಲ. ಅಲ್ಲಿ ಪಾದ್ರಿ ಸರ್ಕಾರಿ ಹುದ್ದೆ ಹಿಡಿಯುವ ಹಾಗಿರಲಿಲ್ಲ. ಚರ್ಚಿನಿಂದ ಹೊರಹಾಕಿದರೆ ಹುದ್ದೆ ಹೋಗುತ್ತಿರಲಿಲ್ಲ. ಮದುವೆ, ಉಯಿಲು ಎಲ್ಲ ಕೋರ್ಟಿನ ಕೆಲಸ. ಇಂಗ್ಲೆಂಡಿನಲ್ಲಿ ಬಿಷಪ್ಪರ ಕೋರ್ಟುಗಳ ಕೈಯಲ್ಲಿ ನರಳಿ ಬಂದವರು, ಅದು ಮತ್ತೆ ಬೇಡ ಅನ್ನಿಸಿತ್ತು. ಅವರ ಲೆಕ್ಕದಲ್ಲಿ ಚರ್ಚು, ಸರ್ಕಾರ ಎರಡೂ ಬೇರೆ ಬೇರೆ ಸಂಸ್ಥೆಗಳು, ಆದರೆ ಇಬ್ಬರೂ ದುಡಿಯುವುದು ಒಬ್ಬನೇ ದೇವರಿಗಾಗಿ. ಹಾಗಾಗಿ ಚರ್ಚಿಗೆ ಹೋಗದವನಿಗೆ ದಂಡ ಹಾಕುವುದು ಮ್ಯಾಜಿಸ್ಟ್ರೇಟನ ಕೆಲಸ. 1638ರಿಂದ ಸದಸ್ಯರಲ್ಲದವರೂ ಪಾದ್ರಿಯ ಸಂಬಳಕ್ಕೆ ತೆರಿಗೆ ಕೊಡಬೇಕಾಯಿತು. 1641ರ ಕಾನೂನು ಸಂಗ್ರಹದಲ್ಲಿ ಮರಣದಂಡನೆಯ ಅಪರಾಧಗಳ ಪಟ್ಟಿ ಇದೆ. ಬಹುತೇಕ ಎಲ್ಲದರ ಎದುರಿಗೂ ಬೈಬಲಿನ ಅಧ್ಯಾಯ, ವಚನದ ಸಂಖ್ಯೆ. ಪಟ್ಟಿಯ ಮೊದಲ ಅಪರಾಧ ಬೇರೆ ದೇವರನ್ನು ಪೂಜಿಸುವುದು, ಎರಡನೆಯದು ಮಾಟ. ಕೊಲೆಯ ಸರದಿ ಆಮೇಲೆ.

ಇದೇ ಜನ 1636ರಲ್ಲಿ ಹಾರ್ವರ್ಡ್ ಕಾಲೇಜು ಕಟ್ಟಿದರು. 1647ರಲ್ಲಿ 50 ಮನೆ ಇರುವ ಊರಿಗೆಲ್ಲ ಓದು ಬರಹ ಕಲಿಸುವ ಮೇಷ್ಟ್ರು ಇರಲೇಬೇಕು ಎಂದು ಕಾನೂನು ಮಾಡಿದರು. ಬೈಬಲ್ ಓದಲು ಬಾರದವನನ್ನು ಸೈತಾನ ಸುಲಭವಾಗಿ ಮೋಸ ಮಾಡುತ್ತಾನೆ ಎಂಬುದು ಅದರ ಪೀಠಿಕೆ. 1659ರಲ್ಲಿ ಕ್ರಿಸ್‌ಮಸ್ ಆಚರಿಸಿದರೆ ಐದು ಶಿಲ್ಲಿಂಗ್ ದಂಡ ಎಂದೂ ಅವರೇ ಹೇಳಿದರು, ಬೈಬಲಿನಲ್ಲಿ ಆ ಹಬ್ಬ ಇಲ್ಲವಲ್ಲ! ಹಳೆಯ ಕ್ರೈಸ್ತ ಅಮೆರಿಕ ಮರಳಿ ಬರಲಿ ಎನ್ನುವವರು ಈ ಭಾಗವನ್ನು ಯಾಕೋ ನೆನೆಯುವುದಿಲ್ಲ.

ಇಂಥ ಊರಿಗೆ 1631ರಲ್ಲಿ ರಾಜರ್ ವಿಲಿಯಮ್ಸ್ ಎಂಬ ಪಾದ್ರಿ ಬಂದ. ಬಾಸ್ಟನ್ ಚರ್ಚು ಅವನಿಗೆ ಕೆಲಸ ಕೊಡಲು ಮುಂದಾಯಿತು. ಬೇಡ ಅಂದ. ನೀವು ಇಂಗ್ಲೆಂಡಿನ ಕೆಟ್ಟ ಚರ್ಚಿನ ಸಂಬಂಧ ಪೂರ್ತಿ ಕಡಿದುಕೊಂಡಿಲ್ಲ, ನಿಮ್ಮ ಸಹವಾಸ ನನಗೆ ಮೈಲಿಗೆ ಎಂಬುದು ಅವನ ಧಾಟಿ. ಕೊನೆಗೆ ಸೇಲಂ ಊರಿನಲ್ಲಿ ನಿಂತ. ಅಲ್ಲಿ ಅವನು ಹೇಳತೊಡಗಿದ ಮಾತುಗಳು ಒಂದಕ್ಕಿಂತ ಒಂದು ಜೋರು. ಈ ನೆಲ ಇಲ್ಲಿನ ಮೂಲನಿವಾಸಿಗಳದ್ದು, ಅದನ್ನು ನಿಮಗೆ ಕೊಡಲು ರಾಜ ಯಾರು? ದೇವರಲ್ಲಿ ನಂಬಿಕೆ ಇಲ್ಲದವನಿಂದ ದೇವರ ಹೆಸರಿನಲ್ಲಿ ಪ್ರಮಾಣ ಮಾಡಿಸುವುದು ಪಾಪ. ಮೂರನೆಯದು ನಮ್ಮ ವಿಷಯಕ್ಕೆ ಮುಖ್ಯ.

ಬೈಬಲಿನ ಪ್ರಕಾರ ಹತ್ತು ಆಜ್ಞೆಗಳನ್ನು ದೇವರು ಪ್ರವಾದಿ ಮೋಶೆಗೆ ಕೊಟ್ಟ, ಅವನಿಗೆ ಸಿಕ್ಕ ಕಲ್ಲಿನ ಹಲಗೆಗಳು ಎರಡು. ಪ್ಯೂರಿಟನ್ನರ ಎಣಿಕೆಯಲ್ಲಿ ಮೊದಲ ಹಲಗೆಯಲ್ಲಿ ನಾಲ್ಕು ಆಜ್ಞೆಗಳು: ಬೇರೆ ದೇವರು ಬೇಡ, ವಿಗ್ರಹ ಬೇಡ, ದೇವರ ಹೆಸರನ್ನು ಸುಮ್ನೆ ಎತ್ತಬೇಡ, ಸಬ್ಬತ್ ಎಂಬ ವಾರದ ವಿಶ್ರಾಂತಿ ದಿನವನ್ನು ಪಾಲಿಸು. ಎರಡನೆಯದರಲ್ಲಿ ತಂದೆತಾಯಿಯರಿಗೆ ಗೌರವ, ಕೊಲ್ಲಬೇಡ, ಕದಿಯಬೇಡ ಎಂಬಂಥ ಆರು. ವಿಲಿಯಮ್ಸ್ ಹೇಳಿದ್ದು: ಎರಡನೇ ಹಲಗೆ ಮನುಷ್ಯ ಮನುಷ್ಯರ ನಡುವಿನದು, ಅದು ಸರ್ಕಾರದ ಕೆಲಸ. ಮೊದಲನೆಯದು ದೇವರಿಗೂ ಮನುಷ್ಯನಿಗೂ ನಡುವಿನದು, ಊರಿನ ಶಾಂತಿ ಕೆಡದಿದ್ದರೆ ಮ್ಯಾಜಿಸ್ಟ್ರೇಟ್ ಅಲ್ಲಿ ಕೈ ಹಾಕಬಾರದು.

ಇದನ್ನು ಕೇಳಿದ ಸರ್ಕಾರ ವಿಲಿಯಮ್ಸ್‌ನನ್ನು ಕೋರ್ಟಿಗೆ ಕರೆಸಿದ್ದಲ್ಲದೆ ಅವನ ಊರಿನ ಮೇಲೂ ಒತ್ತಡ ಹಾಕಿತು. ಸೇಲಂ ಊರು ಪಕ್ಕದ ಮಾರ್ಬಲ್‌ಹೆಡ್ ಕಡೆಯ ಜಮೀನಿಗೆ ಅರ್ಜಿ ಹಾಕಿತ್ತು. ಆ ಅರ್ಜಿಯನ್ನು ಸರ್ಕಾರ ತಡೆಹಿಡಿಯಿತು. ಪಾದ್ರಿಯನ್ನು ಬಿಟ್ಟರೆ ಜಮೀನು ಎಂಬುದು ಎಲ್ಲರಿಗೂ ಅರ್ಥವಾಯಿತು. ಸೇಲಂ ನಿಧಾನವಾಗಿ ಅವನ ಕೈಬಿಟ್ಟಿತು. ನನ್ನ ಪ್ರಕಾರ ಇಡೀ ಕತೆಯಲ್ಲಿ ಇದಕ್ಕಿಂತ ಬಾಯಿ ಬಿಟ್ಟು ಮಾತಾಡುವ ಘಟನೆ ಇನ್ನೊಂದಿಲ್ಲ. ಸರ್ಕಾರದ ನೆರಳಿನಲ್ಲಿ ಇರುವ ಚರ್ಚಿನ ಧರ್ಮಶಾಸ್ತ್ರ ಜಮೀನಿನ ಅರ್ಜಿಯ ಮೇಲೆ ನಿಂತಿರುತ್ತದೆ ಎಂದು ವಿಲಿಯಮ್ಸ್‌ಗೆ ಯಾರೂ ಪಾಠ ಹೇಳಬೇಕಾಗಲಿಲ್ಲ.

1635ರ ಅಕ್ಟೋಬರ್‌ನಲ್ಲಿ ಅವನಿಗೆ ಗಡಿಪಾರು ಆಯಿತು. ಜನವರಿಯಲ್ಲಿ, ಇಂಗ್ಲೆಂಡಿಗೆ ಹಡಗು ಹತ್ತಿಸಲು ಬರುತ್ತಿದ್ದಾರೆ ಎಂದು ತಿಳಿದು, ಹಿಮದಲ್ಲಿ ನಡೆದು ತಪ್ಪಿಸಿಕೊಂಡ. ವಾಂಪನೋಗ್ ಎಂಬ ಮೂಲನಿವಾಸಿ ಜನ ಆಶ್ರಯ ಕೊಟ್ಟರು. 1636ರಲ್ಲಿ ಇನ್ನೊಂದು ಮೂಲನಿವಾಸಿ ಗುಂಪಾದ ನ್ಯಾರಗ್ಯಾನ್‌ಸೆಟ್ ನಾಯಕರಿಂದ ಜಾಗ ಪಡೆದು ಪ್ರಾವಿಡೆನ್ಸ್ ಊರು ಕಟ್ಟಿದ. ಅಲ್ಲಿನ ಒಪ್ಪಂದದಲ್ಲಿ ಬಹುಮತಕ್ಕೆ ತಲೆಬಾಗುವುದು ಲೌಕಿಕ ವಿಷಯಗಳಲ್ಲಿ ಮಾತ್ರ ಎಂದು ಬರೆದರು. 1644ರಲ್ಲಿ ಅವನು ಚರ್ಚೆಂಬ ತೋಟ ಮತ್ತು ಲೋಕವೆಂಬ ಕಾಡಿನ ನಡುವಿನ ಗೋಡೆಯ ಬಗ್ಗೆ ಬರೆದ. ಅವನ ಭಯ ಸರ್ಕಾರಕ್ಕೆ ಧರ್ಮ ಸೋಂಕೀತು ಎಂಬುದಾಗಿರಲಿಲ್ಲ. ಕಾಡು ನುಗ್ಗಿ ತೋಟ ಹಾಳಾದೀತು ಎಂಬುದಾಗಿತ್ತು.

ಈ ತತ್ವ ಮನೆಯೊಳಗೂ ಬಂತು. 1638ರಲ್ಲಿ ಜೋಶುವಾ ವೆರಿನ್ ಎಂಬವನು ಹೆಂಡತಿಯನ್ನು ವಿಲಿಯಮ್ಸ್‌ನ ಪ್ರಾರ್ಥನಾ ಕೂಟಕ್ಕೆ ಹೋಗದಂತೆ ತಡೆದ, ಹೊಡೆದ. ಅವಳ ಆತ್ಮಸಾಕ್ಷಿಗೆ ಅಡ್ಡಿ ಮಾಡಿದ್ದಕ್ಕೆ ಊರು ಅವನ ಮತದ ಹಕ್ಕನ್ನೇ ಕಿತ್ತುಕೊಂಡಿತು. ಹೆಂಡತಿ ಗಂಡನಿಗೆ ವಿಧೇಯಳಾಗಿರಬೇಕು ಎಂಬುದು ದೇವರ ಅಪ್ಪಣೆಯಲ್ಲವೇ ಎಂದು ಅಲ್ಲೇ ಒಬ್ಬರು ವಾದಿಸಿದ್ದರು. ನಡೆಯಲಿಲ್ಲ. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ.

ವಿಲಿಯಮ್ಸ್‌ನನ್ನು ಇವತ್ತಿನ ಉದಾರವಾದಿಯ ಹಾಗೆ ನೋಡಿದರೆ ಮೋಸ ಹೋಗುತ್ತೇವೆ. ಎಲ್ಲ ಧರ್ಮವೂ ಒಂದೇ ಎಂದು ಅವನು ಯಾವತ್ತೂ ಒಪ್ಪಲಿಲ್ಲ. ಪಾದ್ರಿಗಳೇ ಬೇಡ ಎನ್ನುತ್ತಿದ್ದ ಕ್ವೇಕರರು ಎಂಬ ಕ್ರೈಸ್ತ ಪಂಗಡದವರು ಸಂಪೂರ್ಣ ತಪ್ಪು ಎಂದು ನಂಬಿದ್ದ. 1672ರಲ್ಲಿ, ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ, ಅವರ ಜೊತೆ ವಾದ ಮಾಡಲು ನ್ಯೂಪೋರ್ಟ್‌ವರೆಗೆ ತಾನೇ ದೋಣಿ ಹುಟ್ಟು ಹಾಕಿಕೊಂಡು ಹೋದ. ದಿನಗಟ್ಟಲೆ ಜಗಳವಾಡಿದ. ಆದರೆ ಅವರ ಮೇಲೆ ಕಾನೂನು ತರಲಿಲ್ಲ. ಬಾಸ್ಟನ್‌ನಲ್ಲಿ ಅದೇ ಕ್ವೇಕರರನ್ನು ಗಲ್ಲಿಗೇರಿಸಿದ್ದರು: 1659ರಲ್ಲಿ ಇಬ್ಬರು, 1660ರಲ್ಲಿ ಮೇರಿ ಡೈಯರ್ ಎಂಬ ಹೆಂಗಸು, 1661ರಲ್ಲಿ ಇನ್ನೊಬ್ಬ. ನಿಲ್ಲಿಸಿ ಎಂದು ಇಂಗ್ಲೆಂಡಿನ ರಾಜನೇ ಹೇಳಬೇಕಾಯಿತು.

ಅವನ ಬಾಳಿನಲ್ಲಿ ಕಪ್ಪು ಚುಕ್ಕೆಯೂ ಇದೆ. ಮೂಲನಿವಾಸಿಗಳ ನೆಲದ ಹಕ್ಕಿಗಾಗಿ ದನಿ ಎತ್ತಿದ್ದ ಅದೇ ಮನುಷ್ಯ, ಇಂಗ್ಲಿಷರಿಗೂ ಮೂಲನಿವಾಸಿಗಳಿಗೂ ನಡೆದ 1675–76ರ ಯುದ್ಧದಲ್ಲಿ ಪ್ರಾವಿಡೆನ್ಸ್ ಸುಟ್ಟುಹೋದ ಮೇಲೆ, ಸೆರೆ ಸಿಕ್ಕ ಮೂಲನಿವಾಸಿಗಳನ್ನು ಜೀತಕ್ಕೆ ಮಾರುವ ಊರಿನ ಸಮಿತಿಯಲ್ಲಿ ಇದ್ದ. ಪ್ರಾವಿಡೆನ್ಸ್, ನ್ಯೂಪೋರ್ಟ್ ಊರುಗಳು ಸೇರಿದ್ದ ರೋಡ್ ಐಲೆಂಡ್ ಕೂಡ ಮುಂದೆ ತನ್ನ ಮಾತು ಪೂರ್ತಿ ಉಳಿಸಿಕೊಳ್ಳಲಿಲ್ಲ. 1663ರ ಸನ್ನದು, ನಂಬಿಕೆಯ ಕಾರಣಕ್ಕೆ ಯಾರನ್ನೂ ಪೀಡಿಸಬಾರದು ಎಂದಿತ್ತು. ನ್ಯೂಪೋರ್ಟ್‌ನಲ್ಲಿ ಯಹೂದಿಗಳು ನೆಲೆಸಿದರು. ಆದರೂ 1762ರಲ್ಲಿ ಏರನ್ ಲೋಪೆಜ್ ಎಂಬ ಯಹೂದಿ ವ್ಯಾಪಾರಿ ಅಲ್ಲಿ ಪೌರತ್ವ ಕೇಳಿದಾಗ ಸಿಗಲಿಲ್ಲ. ಅವನಿಗೆ ಅದು ಸಿಕ್ಕಿದ್ದು ಎಲ್ಲಿ ಅಂದುಕೊಂಡಿರಿ? ಮ್ಯಾಸಚೂಸೆಟ್ಸ್‌ನಲ್ಲಿ.

ಉಳಿದ ನೆಲೆಗಳದ್ದು ಬೇಗ ಹೇಳಬಹುದು. ಮೇರಿಲ್ಯಾಂಡ್ ಕಟ್ಟಿದ್ದು ಕ್ಯಾಥೊಲಿಕ್ ಮನೆತನ. 1649ರ ಅದರ ಸಹನೆಯ ಕಾಯ್ದೆ ತುಂಬಾ ಹೆಸರುವಾಸಿ, ಆದರೆ ಯೇಸುವಿನ ದೈವತ್ವವನ್ನು ಅಲ್ಲಗಳೆದರೆ ಮರಣದಂಡನೆ ಎಂದೂ ಅದರಲ್ಲೇ ಇದೆ. 1718ರ ಹೊತ್ತಿಗೆ ಆ ನೆಲೆಯಲ್ಲಿ ಕ್ಯಾಥೊಲಿಕರಿಗೇ ಮತ ಇಲ್ಲದಾಯಿತು. ಪೆನ್ಸಿಲ್ವೇನಿಯಾದ ಕ್ವೇಕರರು ತೆರಿಗೆಯಿಂದ ಚರ್ಚು ಸಾಕಲಿಲ್ಲ, ಆದರೆ ಅಧಿಕಾರದಲ್ಲಿ ಇರುವವರು ಕ್ರೈಸ್ತರಾಗಿರಬೇಕು ಎಂದರು. ಹೀಗೆ ಒಂದೇ ಭಾಷೆಯ, ಒಂದೇ ರಾಜನ ಪ್ರಜೆಗಳು ಹತ್ತಾರು ಬಗೆಯ ಹೊಂದಾಣಿಕೆ ಮಾಡಿ ನೋಡಿದರು. ಇದರಲ್ಲಿ ಯಾವುದನ್ನು ದೇಶದ ಮೂಲ ಪರಂಪರೆ ಅನ್ನೋಣ?

ಕೋರ್ಟಿನ ಮುಂದೆ ಇರುವ ತೊಡಕೂ ಇದೇ. ಸಂವಿಧಾನಕ್ಕೆ ಬಂದ 1791ರ ಮೊದಲ ತಿದ್ದುಪಡಿ, ಕಾಂಗ್ರೆಸ್ ಯಾವ ಧರ್ಮವನ್ನೂ ಅಧಿಕೃತವಾಗಿ ಸ್ಥಾಪಿಸಬಾರದು ಎಂದಿತು. ಆಗ ಅದು ಕಟ್ಟಿಹಾಕಿದ್ದು ಕೇಂದ್ರವನ್ನು ಮಾತ್ರ. ರಾಜ್ಯಗಳಲ್ಲಿ ಚರ್ಚಿನ ತೆರಿಗೆ ಮುಂದುವರಿಯಿತು, ಕನೆಕ್ಟಿಕಟ್‌ನಲ್ಲಿ 1818ರವರೆಗೆ, ಮ್ಯಾಸಚೂಸೆಟ್ಸ್‌ನಲ್ಲಿ 1833ರವರೆಗೆ. ಅದನ್ನು ವಿರೋಧಿಸಿ ಬೀದಿಗೆ ಇಳಿದವರಲ್ಲಿ ಬ್ಯಾಪ್ಟಿಸ್ಟರು ಎಂಬ ಕ್ರೈಸ್ತ ಪಂಗಡದವರೇ ಮುಂದೆ ಇದ್ದರು. ವರ್ಜೀನಿಯಾದಲ್ಲಿ ಅವರ ಬೋಧಕರು ಜೈಲು ಕಂಡಿದ್ದರು. 1802ರಲ್ಲಿ ಅಧ್ಯಕ್ಷ ಜೆಫರ್ಸನ್ ಚರ್ಚು ಮತ್ತು ಸರ್ಕಾರದ ನಡುವಿನ ಗೋಡೆ ಎಂದು ಬರೆದದ್ದು ಕನೆಕ್ಟಿಕಟ್‌ನ ಡ್ಯಾನ್‌ಬರಿ ಊರಿನ ಬ್ಯಾಪ್ಟಿಸ್ಟರಿಗೆ ಕೊಟ್ಟ ಉತ್ತರದಲ್ಲಿ. ಇವತ್ತು ದಕ್ಷಿಣದ ರಾಜ್ಯಗಳಲ್ಲಿ ತರಗತಿಗೆ ಆಜ್ಞೆಗಳನ್ನು ತರಲು ಹೊರಟಿರುವವರಿಗೆ ಬೆಂಬಲ ಕೊಡುವವರಲ್ಲಿ ಆ ಬ್ಯಾಪ್ಟಿಸ್ಟರ ಪರಂಪರೆಯವರೂ ಬಹಳಷ್ಟು ಇದ್ದಾರೆ.

2022ರಲ್ಲೇ, ಬಾಸ್ಟನ್ ನಗರದ ಧ್ವಜಸ್ತಂಭದಲ್ಲಿ ಕ್ರೈಸ್ತ ಧ್ವಜ ಹಾರಿಸಲು ಬಿಡಬೇಕೇ ಎಂಬ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ನೀಲ್ ಗೋರ್ಸಚ್ ಒಂದು ಪಟ್ಟಿ ಕೊಟ್ಟರು. ಹಿಂದೆ ಸರ್ಕಾರಿ ಧರ್ಮ ಅಂದರೆ ಏನೇನು ಇರುತ್ತಿತ್ತು ಎಂಬ ಪಟ್ಟಿ. ಚರ್ಚಿನ ಬೋಧನೆ ಮತ್ತು ನೇಮಕಗಳ ಮೇಲೆ ಸರ್ಕಾರದ ಹಿಡಿತ, ಕಡ್ಡಾಯ ಹಾಜರಿ, ಭಿನ್ನಮತದವರಿಗೆ ಶಿಕ್ಷೆ, ಅವರಿಗೆ ರಾಜಕೀಯ ಹಕ್ಕಿನ ನಿರಾಕರಣೆ, ಸರ್ಕಾರದ ಹಣ, ಸರ್ಕಾರದ ಕೆಲಸವನ್ನು ಚರ್ಚಿಗೆ ವಹಿಸುವುದು. ವರ್ಜೀನಿಯಾ ಮತ್ತು ಮ್ಯಾಸಚೂಸೆಟ್ಸ್ ಸೇರಿಸಿದರೆ ಆರೂ ಸಿಗುತ್ತವೆ. ಈಗ ಹಾಳೆಯ ಪರವಾಗಿ ಇರುವವರು ಹೇಳುತ್ತಾರೆ: ಗೋಡೆಯ ಮೇಲಿನ ಹಾಳೆ ಯಾರನ್ನೂ ಚರ್ಚಿಗೆ ಎಳೆಯುವುದಿಲ್ಲ, ಯಾರ ಮತವನ್ನೂ ಕಿತ್ತುಕೊಳ್ಳುವುದಿಲ್ಲ.

ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಆದರೆ ನನಗೆ ಅದು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಶಾಲೆಗೆ ಹಾಜರಿ ಕಡ್ಡಾಯ, ಮಗು ಬೇಡ ಎಂದು ಎದ್ದು ಹೋಗುವ ಹಾಗಿಲ್ಲ. ಕಾನೂನು ಕೊಟ್ಟಿರುವ ಪಠ್ಯ ಕೂಡ ಒಂದು ಪಂಗಡದ ಧಾಟಿಯದು. ಕ್ಯಾಥೊಲಿಕರು, ಯಹೂದಿಗಳು ಇದೇ ಆಜ್ಞೆಗಳನ್ನು ಬೇರೆ ರೀತಿ ಎಣಿಸುತ್ತಾರೆ. 1980ರಲ್ಲಿ ಕೆಂಟಕಿ ರಾಜ್ಯದ ಇಂಥದೇ ಕಾನೂನನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದಾಗ ಕೊಟ್ಟ ಕಾರಣ ನೋಡಿ. ಕೊಲ್ಲಬೇಡ, ಕದಿಯಬೇಡ ಎಂಬುದು ಲೌಕಿಕ ನೀತಿ ಅನ್ನಬಹುದು, ಆದರೆ ಮೊದಲ ಭಾಗ ಭಕ್ತರ ಕರ್ತವ್ಯದ್ದು ಎಂದಿತು ಕೋರ್ಟು. 345 ವರ್ಷ ಹಿಂದೆ ಸೇಲಂನ ಪಾದ್ರಿ ಗೆರೆ ಎಳೆದ ಜಾಗದಲ್ಲೇ ಇದೂ ಗೆರೆ ಎಳೆಯಿತು. ಆ ತೀರ್ಪಿಗೆ ಈಗ ಬಲ ಉಳಿದಿಲ್ಲ ಎಂಬುದು ರಾಜ್ಯಗಳ ವಾದ.

ಹಣದ ವಿಷಯದಲ್ಲಿ ಮಾತ್ರ ಶಾಸಕರು ಜಾಣತನ ತೋರಿದ್ದಾರೆ. ಲೂಸಿಯಾನಾದಲ್ಲೂ ಟೆಕ್ಸಸ್‌ನಲ್ಲೂ ಶಾಲೆ ತನ್ನ ದುಡ್ಡು ಹಾಕಿ ಹಾಳೆ ಕೊಳ್ಳಲೇಬೇಕು ಎಂದಿಲ್ಲ, ಯಾರಾದರೂ ದಾನ ಕೊಟ್ಟರೆ ಅದನ್ನೇ ಹಾಕಬಹುದು. ಟೆಕ್ಸಸ್‌ನಲ್ಲಂತೂ ನಿಯಮಕ್ಕೆ ಹೊಂದುವ ಹಾಳೆ ದಾನವಾಗಿ ಬಂದರೆ ಶಾಲೆ ಬೇಡ ಅನ್ನುವ ಹಾಗಿಲ್ಲ.